ಅಳತೆಯ ಮೂಲ ಯಾವುದು?

ಭೌತಶಾಸ್ತ್ರದ ಪಠ್ಯಪುಸ್ತಕವನ್ನು ತೆರೆದ ವಿದ್ಯಾರ್ಥಿಗೆ ಮೊದಲನೆಯ ಅಧ್ಯಾಯದಲ್ಲಿಯೇ ಎರಡು ಶಬ್ದಗಳು ಎದುರಾಗುತ್ತವೆ: ಮೂಲಮಾನ ಮತ್ತು ಸಾಧಿತಮಾನ. ಬೇರೆ ಯಾವ ಮಾನದಿಂದಲೂ ಪಡೆಯಲಾಗದೆ ತನ್ನ ಕಾಲ ಮೇಲೆ ತಾನೇ ನಿಂತಿರತಕ್ಕದ್ದು ಮೂಲಮಾನ. ಮೂಲಮಾನಗಳನ್ನು ಗುಣಿಸಿಯೋ ಭಾಗಿಸಿಯೋ ಪಡೆದದ್ದು ಸಾಧಿತಮಾನ. ಉದ್ದಕ್ಕೆ ಮೀಟರು, ರಾಶಿಗೆ ಕಿಲೋಗ್ರಾಂ, ಕಾಲಕ್ಕೆ ಸೆಕೆಂಡು, ಇವು ಮೂಲ. ವಿಸ್ತೀರ್ಣ, ವೇಗ, ಬಲ, ಸಾಮರ್ಥ್ಯ ಇವುಗಳ ಮಾನಗಳೆಲ್ಲ ಸಾಧಿತ. ಪರೀಕ್ಷೆಯಲ್ಲಿ ಎರಡು ಅಂಕಗಳನ್ನು ಸಂಪಾದಿಸಲು ಇಷ್ಟು ಸಾಕು. ಆದರೆ ತರಗತಿಯಲ್ಲಿ ಚುರುಕಾದ ಹುಡುಗನೋ ಹುಡುಗಿಯೋ ಒಬ್ಬರಿದ್ದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಮೀಟರನ್ನು ಮೂಲವೆಂದು ಹೇಳಿದವರು ಯಾರು? ಸೇರನ್ನೇ ಮೂಲವೆಂದು ಹಿಡಿದು ಮೀಟರನ್ನು ಅದರಿಂದ ಸಾಧಿಸಿದ್ದರೆ ಆಗುತ್ತಿದ್ದ ನಷ್ಟವೇನು? ಮೂಲವೆಂಬುದು ಪ್ರಕೃತಿ ಕೊಟ್ಟ ಪಟ್ಟವೋ, ಮನುಷ್ಯ ಕಟ್ಟಿದ ಪಟ್ಟವೋ?

ಈ ಪ್ರಶ್ನೆ ಬಾಲಿಶವಾದದ್ದಲ್ಲ. ಸಾಹಿತ್ಯದ ವಾಚಕರಿಗೆ ಇದರ ಮರ್ಮ ವ್ಯಾಕರಣದ ದೃಷ್ಟಾಂತದಿಂದ ಬೇಗನೆ ಹೊಳೆದೀತು. 'ಮಾಡು' ಎಂಬುದು ಧಾತು; 'ಮಾಡಿದ', 'ಮಾಡುವ', 'ಮಾಟ' ಎಂಬಿವು ಅದರಿಂದ ಸಾಧಿಸಿದ ರೂಪಗಳು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಕನ್ನಡದ ಧಾತುಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಆದರೆ ಕನ್ನಡ ಜನ ಮೊದಲು ಧಾತುಪಾಠವನ್ನು ಒಪ್ಪಿಸಿ ಆಮೇಲೆ ಮಾತನಾಡಲು ತೊಡಗಿದವರಲ್ಲ. ಬಳಕೆ ಮೊದಲು ಬಂದಿತು. ಬಳಕೆಯೊಳಗಿನ ಕ್ರಮವನ್ನು ಕಂಡ ವೈಯಾಕರಣ ಇಲ್ಲಿಂದ ಹೊರಟರೆ ಉಳಿದದ್ದನ್ನೆಲ್ಲ ಕಟ್ಟಬಹುದೆಂದು ಆಮೇಲೆ ಗೆರೆ ಎಳೆದ. ಅಳತೆಯ ಕಥೆಯೂ ಇದೇ. ಜನ ಬೇಕಾದದ್ದನ್ನು ಬೇಕಾದ ಬಗೆಯಲ್ಲಿ ಅಳೆದರು; ಎಲ್ಲಿಂದ ಹೊರಡಬೇಕೆಂಬ ವಿಚಾರ ತಡವಾಗಿ ಬಂದಿತು. ಎಲ್ಲಿಂದ ಹೊರಟರು ಎಂಬುದರ ಮೇಲೆ ಎಷ್ಟೋ ಜನರ ಅನ್ನವೂ ನಿಂತಿತ್ತು.

ನಾನಿರುವ ಮೆಟ್ರಿಯ ಸೀಮೆ ಈ ಕಥೆಯನ್ನು ಓದಲು ತಕ್ಕ ಸ್ಥಳ. ಉತ್ತರಕ್ಕೆ ಕಂಪ್ಲಿ ಮತ್ತು ತುಂಗಭದ್ರೆ. ದಕ್ಷಿಣಕ್ಕೆ ಸಂಡೂರಿನ ಕೆಂಪು ಬೆಟ್ಟಗಳು. ಪಶ್ಚಿಮಕ್ಕೆ ಹಂಪೆ, ಹೊಸಪೇಟೆ ಮತ್ತು ಅಣೆಕಟ್ಟು. ಈ ನಾಲ್ಕು ಊರುಗಳ ನಡುವೆ ಐದಾರು ಶತಮಾನಗಳ ಅಳತೆಗಳು ಒಂದರ ಮೇಲೊಂದು ಪದರಪದರವಾಗಿ ಬಿದ್ದಿವೆ, ಹೊಳೆಯ ದಂಡೆಯ ಮಣ್ಣಿನ ಹಾಗೆ.

ಎಲ್ಲಕ್ಕಿಂತ ಕೆಳಗಿನ ಪದರ ರೈತನದು. ಈ ಕಡೆಯ ಎರೆಹೊಲಗಳನ್ನು ಹಿಂದಿನವರು ಎಕರೆಯಲ್ಲಿ ಹೇಳುತ್ತಿರಲಿಲ್ಲ, ಕೂರಿಗೆಯಲ್ಲಿ ಹೇಳುತ್ತಿದ್ದರು. ಕೂರಿಗೆ ಎಂದರೆ ಬೀಜ ಬಿತ್ತುವ ಸಾಧನವೆಂಬುದು ಸರ್ವವಿದಿತ. ಒಂದು ಜೊತೆ ಎತ್ತು ಕಟ್ಟಿ ಒಂದು ಕೂರಿಗೆಯಿಂದ ಒಂದು ದಿನದಲ್ಲಿ ಎಷ್ಟು ನೆಲ ಬಿತ್ತಬಹುದೋ ಅಷ್ಟು ನೆಲವೇ ಒಂದು ಕೂರಿಗೆ. ಅದು ಎಕರೆಯ ಲೆಕ್ಕದಲ್ಲಿ ಎಷ್ಟಾಗುತ್ತದೆಂದು ನಾನು ಒಬ್ಬ ವೃದ್ಧ ರೈತರನ್ನು ಕೇಳಿದೆ. ಅವರು ನಕ್ಕರು.

"ಅದೆಂಗ ಹೇಳಾಕ ಬರ್ತೈತ್ರಿ ಮೇಷ್ಟ್ರ? ಎತ್ತು ಗಟ್ಟಿ ಇದ್ರ ಕೂರಿಗಿ ದೊಡ್ದು, ಎತ್ತು ಬಡವಾದ್ರ ಕೂರಿಗಿ ಸಣ್ದು."

ಅವರ ಮಾತಿನಲ್ಲಿ ಒಂದು ಅಧ್ಯಾಯದ ಸಾರವಿದೆ. ಪಠ್ಯಪುಸ್ತಕದ ದೃಷ್ಟಿಯಲ್ಲಿ ವಿಸ್ತೀರ್ಣವು ಉದ್ದವನ್ನು ಉದ್ದದಿಂದ ಗುಣಿಸಿದಾಗ ಬರತಕ್ಕ ಸಾಧಿತಮಾನ. ರೈತನ ದೃಷ್ಟಿಯಲ್ಲಿಯೂ ಅದು ಸಾಧಿತಮಾನವೇ. ಆದರೆ ಅದನ್ನು ಹೆತ್ತ ತಾಯಿತಂದೆಗಳು ಬೇರೆ. ಎತ್ತಿನ ಕಸುವು ಒಂದು, ಹಗಲಿನ ಹೊತ್ತು ಇನ್ನೊಂದು. ಅವನಿಗೆ ಬೇಕಾಗಿದ್ದುದು ನೆಲದ ಜ್ಯಾಮಿತಿಯಲ್ಲ. ಹದ ಮೀರುವುದರೊಳಗೆ ಬಿತ್ತನೆ ಮುಗಿಯುತ್ತದೆಯೇ ಎಂಬುದೊಂದೇ ಅವನ ಚಿಂತೆ. ಆ ಚಿಂತೆಗೆ ಕೂರಿಗೆಗಿಂತ ಉತ್ತಮವಾದ ಮಾನ ಇನ್ನೊಂದಿಲ್ಲ.

ಕನ್ನಡ ನಾಡಿನ ಬೇರೆ ಕಡೆಗಳಲ್ಲಿ ಇದಕ್ಕೂ ವಿಚಿತ್ರವಾದ ಪದ್ಧತಿಯಿತ್ತು. ಅಲ್ಲಿ ನೆಲವನ್ನು ಬಿತ್ತನೆಯ ಬೀಜದಿಂದಲೇ ಅಳೆಯುತ್ತಿದ್ದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗ ಬೀಜ ಹಿಡಿಯುವ ಭೂಮಿಗೂ ಖಂಡುಗವೆಂದೇ ಹೆಸರು. ಧಾನ್ಯದ ಗಾತ್ರವನ್ನು ಅಳೆಯುವ ಕೊಳಗ ಇಲ್ಲಿ ಮೂಲಮಾನ. ನೆಲದ ವಿಸ್ತೀರ್ಣ ಅದರಿಂದ ಹುಟ್ಟಿದ ಸಾಧಿತಮಾನ. ಗಣಿತದ ಮೇಷ್ಟರಿಗೆ ಇದು ತಲೆಕೆಳಗಾದ ಲೆಕ್ಕವೆಂದು ತೋರೀತು, ಏಕೆಂದರೆ ಘನದಿಂದ ವರ್ಗ ಹುಟ್ಟಿದೆ. ಇದರ ಫಲವಾಗಿ ಒಣಭೂಮಿಯ ಒಂದು ಖಂಡುಗ ನೀರಾವರಿ ಭೂಮಿಯ ಒಂದು ಖಂಡುಗಕ್ಕಿಂತ ಹಲವು ಪಟ್ಟು ವಿಸ್ತಾರವಾಗಿರುತ್ತಿತ್ತು. ಒಣನೆಲದಲ್ಲಿ ಬೀಜವನ್ನು ವಿರಳವಾಗಿ ಚೆಲ್ಲಬೇಕಷ್ಟೆ. ಅಂದಮಾತ್ರಕ್ಕೆ ಅದು ಮೂಢರ ಅಳತೆಯಲ್ಲ. ನೆಲದ ಫಲವತ್ತತೆಯನ್ನೂ ನೀರನ್ನೂ ಅದು ತನ್ನೊಳಗೆ ಅಡಗಿಸಿಕೊಂಡಿತ್ತು. ಚದರ ಮೀಟರಿಗೆ ಆ ವಿದ್ಯೆ ಬಾರದು.

ಆದರೆ ಈ ಅಳತೆಗಳಲ್ಲಿ ಒಂದು ಗಂಡಾಂತರವಿತ್ತು. ಮೂಲಮಾನ ಯಾರ ಮನೆಯ ಅಟ್ಟದ ಮೇಲಿದೆ ಎಂಬುದೇ ಆ ಗಂಡಾಂತರ. ಕೊಳಗವನ್ನು ಕೂಟು ಕಟ್ಟಿ ರಾಶಿಯಾಗಿ ಅಳೆದರೆ ಒಂದು ಲೆಕ್ಕ, ಬಾಯಿ ಸವರಿ ಅಳೆದರೆ ಇನ್ನೊಂದು ಲೆಕ್ಕ. ಗುತ್ತಿಗೆಯ ಧಾನ್ಯವನ್ನು ಪಡೆಯುವಾಗ ತುಂಬು ಅಳತೆ, ಸಾಲವಾಗಿ ಕೊಡುವಾಗ ಸವರಿದ ಅಳತೆ ಎಂಬ ದೂರು ಹಳ್ಳಿಗಳ ನೆನಪಿನಿಂದ ಇನ್ನೂ ಮಾಸಿಲ್ಲ. ಕಣದಲ್ಲಿ ರಾಶಿ ಅಳೆಯುವವನು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, 'ಲಾಭ' ಎನ್ನುತ್ತಾನೆ. ಎರಡರಿಂದ ಎಣಿಕೆ ಮುಂದುವರಿಯುತ್ತದೆ. ಶುಭವಾಗಲೆಂದು ಬಂದ ಮಾತು ಅದು. ಆ ಲಾಭ ಯಾರದು ಎಂಬುದನ್ನು ಮಾತ್ರ ಕೊಳಗದ ಒಡೆಯ ನಿಶ್ಚಯಿಸುತ್ತಿದ್ದ.

ನೆಲವನ್ನು ಕೋಲಿನಿಂದ ಅಳೆದಲ್ಲಿಯೂ ಇದೇ ಆತಂಕ. ನಮ್ಮ ಶಾಸನಗಳಲ್ಲಿ ದಾನದ ಭೂಮಿಯನ್ನು ಮತ್ತರು, ಕಮ್ಮ ಎಂದು ಹೇಳುವಾಗ ಯಾವ ಗಳೆಯಿಂದ ಅಳೆದದ್ದೆಂಬುದನ್ನೂ ಅನೇಕ ಕಡೆ ಸೇರಿಸುತ್ತಾರೆ. ಬಳ್ಳಿಗಾವೆಯಲ್ಲಿ ೧೦೪೭ರಲ್ಲಿ ನಿಂತ ಗಂಡಭೇರುಂಡದ ಕಂಬವನ್ನು ಪ್ರವಾಸಿಗರು ಇಂದಿಗೂ ನೋಡುತ್ತಾರೆ; ಆ ಹೆಸರಿನದೇ ಆದ ಭೇರುಂಡ ಗಳೆ ಎಂಬ ಅಳತೆಕೋಲು ಆ ಕಡೆಯ ಶಾಸನಗಳಲ್ಲಿ ಬರುತ್ತದೆ. ಬರೆಯಿಸಿದವರಿಗೆ ವಿಷಯ ಚೆನ್ನಾಗಿ ತಿಳಿದಿತ್ತು: ಗಳೆಯನ್ನು ಹೇಳದೆ ಮತ್ತರನ್ನು ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಮೂಲವನ್ನು ಹೆಸರಿಸದ ಸಾಧಿತಮಾನ ಬರಿಯ ಸದ್ದು.

ಇದರಲ್ಲಿ ಅಡಗಿರುವ ಗಣಿತವನ್ನು ವಿದ್ಯಾರ್ಥಿಗಳು ಒಮ್ಮೆ ಮಾಡಿ ನೋಡಬೇಕು. ಅಳೆಯುವ ಗಳೆಯನ್ನು ಹತ್ತರಲ್ಲಿ ಒಂದು ಪಾಲು ಮೊಟಕು ಮಾಡಿದರೆನ್ನೋಣ. ಉದ್ದದಲ್ಲಿ ಆಗುವ ಮೋಸ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಆದರೆ ವಿಸ್ತೀರ್ಣದಲ್ಲಿ ಆ ಮೊಟಕು ಎರಡು ಸಲ ಗುಣಿತವಾಗುತ್ತದೆ. ನೂರು ಮತ್ತರಿನ ಹೊಲ ಹೊಸ ಕೋಲಿನಲ್ಲಿ ನೂರ ಇಪ್ಪತ್ತಮೂರು ಮತ್ತರಿಗಿಂತಲೂ ಹೆಚ್ಚಾಗುತ್ತದೆ. ನೆಲ ಒಂದು ಗೇಣೂ ಬೆಳೆದಿಲ್ಲ; ಮತ್ತರಿಗಿಷ್ಟೆಂದು ಕೊಡುವ ಕಂದಾಯ ಮಾತ್ರ ಸುಮಾರು ಕಾಲುಭಾಗ ಏರಿತು. ಘನ ಅಳತೆಯಲ್ಲಾದರೆ ಅದೇ ತಪ್ಪು ಮೂರು ಸಲ ಗುಣಿತವಾಗುತ್ತದೆ. ಮೂಲಮಾನದಲ್ಲಿ ಒಂದು ಬೆರಳಷ್ಟು ಆಚೀಚೆಯಾದರೆ ಸಾಧಿತಮಾನದಲ್ಲಿ ಒಂದು ಸಂಸಾರದ ಹೊಟ್ಟೆ ಆಚೀಚೆಯಾಗುತ್ತದೆ. ಪಠ್ಯಪುಸ್ತಕದ ಒಣ ವ್ಯಾಖ್ಯೆಯ ಹಿಂದೆ ಈ ನಿಜವಿದೆ.

ಹಂಪೆಯಲ್ಲಿ ವಿಠ್ಠಲ ದೇವಾಲಯದ ಸಮೀಪದಲ್ಲಿ, ಹೊಳೆಗೆ ಹೋಗುವ ದಾರಿಯ ಬಳಿ, ಎರಡು ಕಲ್ಲುಕಂಬಗಳ ಮೇಲೆ ಅಡ್ಡವಾಗಿ ಒಂದು ಕಲ್ಲಿನ ತೊಲೆಯನ್ನಿಟ್ಟ ರಚನೆಯಿದೆ. ಅರಸರ ತುಲಾಭಾರವೆಂದು ಅದನ್ನು ತೋರಿಸುತ್ತಾರೆ. ಪರ್ವಕಾಲಗಳಲ್ಲಿ ಅರಸರು ತಕ್ಕಡಿಯ ಒಂದು ತಟ್ಟೆಯಲ್ಲಿ ತಾವು ಕುಳಿತು ಇನ್ನೊಂದರಲ್ಲಿ ಹೊನ್ನನ್ನಿಟ್ಟು ತೂಗಿ ದಾನ ಮಾಡುತ್ತಿದ್ದರೆಂಬುದು ಪ್ರತೀತಿ. ಅದರ ಕೆಳಗೆ ನಿಂತಾಗಲೆಲ್ಲ ನನಗೆ ಒಂದು ವಿಚಾರ ಹೊಳೆಯುತ್ತದೆ: ಆ ತೂಕಕ್ಕೆ ಸೇರೂ ಬೇಕಾಗಿರಲಿಲ್ಲ, ಮಣವೂ ಬೇಕಾಗಿರಲಿಲ್ಲ. ಅರಸನ ದೇಹವೇ ತೂಕದ ಕಲ್ಲು. ಅಳತೆಯೆಂದರೆ ಕಟ್ಟಕಡೆಗೆ ಒಂದನ್ನು ಇನ್ನೊಂದರೊಡನೆ ಹೋಲಿಸುವುದು; ಹೋಲಿಕೆಗೆ ಯಾವುದನ್ನು ಎದುರಿಗಿಡುತ್ತೇವೋ ಅದೇ ಆ ಹೊತ್ತಿನ ಮೂಲಮಾನ. ಆದರೆ ಮುಂದಿನ ವರ್ಷ ಅರಸ ದಪ್ಪಗಾದರೆ? ಇನ್ನೊಬ್ಬ ಅರಸ ಬಂದರೆ? ದಾನಕ್ಕೆ ಒದಗುವ ತೂಕ ಸಂತೆಗೆ ಒದಗದು. ಸಂತೆಗೆ ಬೇಕಾದದ್ದು ನಾಳೆಯೂ ಇಷ್ಟೇ ಇರುವ, ಪಕ್ಕದ ಊರಿನಲ್ಲಿಯೂ ಇಷ್ಟೇ ಇರುವ ವಸ್ತು. ಬ್ರಿಟಿಷರ ಕಾಲದಲ್ಲಿ ಆ ಕೆಲಸವನ್ನು ಬೆಳ್ಳಿಯ ರೂಪಾಯಿ ಮಾಡಿತು. ಒಂದು ರೂಪಾಯಿಯ ತೂಕ ಒಂದು ತೊಲ. ಎಂಬತ್ತು ತೊಲಕ್ಕೆ ಒಂದು ಸೇರು. ಅರಸನ ದೇಹವಿದ್ದ ಎಡೆಗೆ ಅರಸನ ಮುಖವನ್ನು ಅಚ್ಚೊತ್ತಿದ ನಾಣ್ಯ ಬಂದಿತು, ಅಷ್ಟೆ.

ಆಡಳಿತಗಳು ಬದಲಾದಂತೆ ಇಲ್ಲಿಯ ಅಳತೆಗಳೂ ಬದಲಾದವು. ಬಳ್ಳಾರಿಯ ಸೀಮೆ ೧೮೦೦ರಲ್ಲಿ ಕಂಪನಿಯ ಕೈಸೇರಿ, ಥಾಮಸ್ ಮನ್ರೋ ಇಲ್ಲಿಯ ಕಲೆಕ್ಟರನಾಗಿ ಬಂದು ಹೊಲಹೊಲವನ್ನೂ ಸರಪಳಿ ಹಿಡಿದು ಅಳೆಯಿಸಿದ. ಎತ್ತಿನ ಕಸುವಿನಿಂದ ಹುಟ್ಟಿದ ಕೂರಿಗೆ ಅಂದಿನಿಂದ ಅಡಿಯಿಂದ ಹುಟ್ಟಿದ ಎಕರೆಗೆ ದಾರಿ ಬಿಡತೊಡಗಿತು. ಎಕರೆಗೆ ೪೩,೫೬೦ ಚದರಡಿ. ಮದರಾಸಿನ ಆಡಳಿತಕ್ಕೆ ಸೇರಿದ್ದ ಕಂಪ್ಲಿಯ ದಂಡೆಯಲ್ಲಿ ಎಕರೆಯನ್ನು ನೂರು ಸೆಂಟುಗಳಾಗಿ ಒಡೆದರು. ಹೊಳೆಯ ಆಚೆಯ ಗಂಗಾವತಿ ಹೈದರಾಬಾದಿನ ನಿಜಾಮರದು. ಅಲ್ಲಿ ಅದನ್ನೇ ನಲವತ್ತು ಗುಂಟೆಗಳಾಗಿ ಒಡೆದರು. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲವಾದರೆ ಒಂದು ಗುಂಟೆ. ಬಳ್ಳಾರಿ ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರಿತು. ಗಂಗಾವತಿಯ ಕಡೆ ೧೯೫೬ರ ನವೆಂಬರ್ ೧ರಂದು ಬಂದಿತು. ರಾಜ್ಯ ಒಂದಾದರೂ ಸೆಂಟು ಮತ್ತು ಗುಂಟೆ ತಮ್ಮ ತಮ್ಮ ದಂಡೆಯನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಎರಡೂ ಸಾಧಿತಮಾನಗಳೇ, ಎರಡಕ್ಕೂ ಮೂಲ ಅದೇ ಅಡಿ. ಜಗಳವಿಲ್ಲದೆ ಲೆಕ್ಕ ಹೊಂದುವುದು ಅದರಿಂದಲೇ. ಮೂಲ ಒಂದಾಗಿದ್ದರೆ ಸಾಧಿತಗಳು ಎಷ್ಟಿದ್ದರೂ ಬಾಧೆಯಿಲ್ಲ.

ನೆಲದಿಂದ ಈಗ ನೀರಿಗೆ ಬರೋಣ. ಈ ಸೀಮೆಯಲ್ಲಿ ಇಂದು ಎಲ್ಲರ ಬಾಯಲ್ಲಿಯೂ ಇರುವ ಎರಡು ಮಾನಗಳು ನೀರಿನವು: ಕ್ಯೂಸೆಕ್ಸ್ ಮತ್ತು ಟಿ.ಎಂ.ಸಿ. ಮಳೆಗಾಲದಲ್ಲಿ ಚಹದ ಅಂಗಡಿಯಲ್ಲಿ ಕುಳಿತ ರೈತರು ಒಳಹರಿವು ಇಷ್ಟು ಕ್ಯೂಸೆಕ್ಸ್, ಸಂಗ್ರಹ ಇಷ್ಟು ಟಿ.ಎಂ.ಸಿ. ಎಂದು ಪತ್ರಿಕೆ ನೋಡಿ ಹೇಳುತ್ತಾರೆ. ಈ ಎರಡನ್ನೂ ಅಳೆಯುವ ಉಪಕರಣ ಒಂದೂ ಇಲ್ಲವೆಂದರೆ ಕೇಳಿದವರಿಗೆ ಆಶ್ಚರ್ಯವಾದೀತು. ಸೇರಿನಲ್ಲಿ ಮೊಗೆದ ಹಾಗೆ ಟಿ.ಎಂ.ಸಿ.ಯಲ್ಲಿ ನೀರನ್ನು ಮೊಗೆಯಲು ಬಾರದು. ಎರಡೂ ಲೆಕ್ಕದಿಂದ ಹುಟ್ಟಿದವು.

ಕಾಲುವೆಯೊಂದನ್ನು ತೆಗೆದುಕೊಳ್ಳಿ. ಅದರ ಅಗಲ ಹತ್ತು ಅಡಿ. ನೀರಿನ ಆಳ ಮೂರು ಅಡಿ. ನೀರು ಸೆಕೆಂಡಿಗೆ ಎರಡು ಅಡಿ ಮುಂದೆ ಸಾಗುತ್ತದೆ. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ ಅರವತ್ತು ಘನ ಅಡಿ, ಅಂದರೆ ಅರವತ್ತು ಕ್ಯೂಸೆಕ್ಸ್. ಇದಕ್ಕೆ ಬೇಕಾದದ್ದು ಒಂದು ಅಳತೆಪಟ್ಟಿ, ಒಂದು ಗಡಿಯಾರ. ಉದ್ದ ಮತ್ತು ಕಾಲ ಎಂಬ ಎರಡು ಮೂಲಗಳಿಂದ ಹರಿವು ಸಾಧಿತವಾಯಿತು. ನೂರು ಕೋಟಿ ಘನ ಅಡಿ ನೀರು ನಿಂತರೆ ಒಂದು ಟಿ.ಎಂ.ಸಿ.; ಲೀಟರಿನಲ್ಲಿ ಹೇಳುವುದಾದರೆ ೨,೮೩೧ ಕೋಟಿ ಲೀಟರಿಗೂ ಮೇಲೆ. ದಿನವಿಡೀ ಸುಮಾರು ೧೧,೫೭೪ ಕ್ಯೂಸೆಕ್ಸ್ ಹರಿದರೆ ಒಂದು ಟಿ.ಎಂ.ಸಿ. ಸೇರುತ್ತದೆ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡ ವಿದ್ಯಾರ್ಥಿ ಪತ್ರಿಕೆಯ ಅಣೆಕಟ್ಟಿನ ಸುದ್ದಿಯನ್ನು ತಾನೇ ಪರೀಕ್ಷಿಸಿ ನೋಡಬಹುದು.

ವಿಜಯನಗರದ ಕಾಲದ ಕಾಲುವೆಗಳು, ತುರ್ತು, ಬಸವಣ್ಣ, ರಾಯ, ಬೆಲ್ಲ, ರಾಮಸಾಗರ, ಕಂಪ್ಲಿ ಎಂಬ ಹೆಸರಿನವು, ಇಂದಿಗೂ ಹರಿಯುತ್ತಿವೆ. ಕೆರೆಕಾಲುವೆಗಳ ಹಳೆಯ ನೀರಾವರಿಯಲ್ಲಿ ನೀರನ್ನು ಹೊತ್ತಿನ ಮೇಲೆ ಹಂಚುವುದು ನಮ್ಮ ನಾಡಿನಲ್ಲಿ ರೂಢಿಯಾಗಿತ್ತು: ಈ ಹೊಲಕ್ಕೆ ಇಷ್ಟು ಹೊತ್ತು, ಆ ಹೊಲಕ್ಕೆ ಅಷ್ಟು ಹೊತ್ತು, ಸರದಿ ತಪ್ಪದಂತೆ ನೋಡಿಕೊಳ್ಳಲು ನೀರಗಂಟಿ. ಅಲ್ಲಿ ಕಾಲವೇ ನೀರಿನ ಮಾನ. ಒಂದೇ ತೂಬಿನಿಂದ ಒಂದೇ ಸಮನಾಗಿ ಹರಿಯುವ ನೀರಿಗೆ ಅದು ನ್ಯಾಯವಾದ ಅಳತೆ. ರಾಜ್ಯರಾಜ್ಯಗಳ ನಡುವೆ ಹಂಚಬೇಕಾದಾಗ ಅದು ಸಾಲದು. ಘನ ಅಡಿ ಬೇಕಾಗುತ್ತದೆ. ಕೃಷ್ಣಾ ಜಲವಿವಾದ ನ್ಯಾಯಾಧಿಕರಣದ ತೀರ್ಪಿನ ಮೇರೆಗೆ ತುಂಗಭದ್ರಾ ಜಲಾಶಯದ ಬಳಕೆಗೆ ಗೊತ್ತುಮಾಡಿದ ೨೩೦ ಟಿ.ಎಂ.ಸಿ.ಯಲ್ಲಿ ಕರ್ನಾಟಕದ ಪಾಲು ೧೫೧.೪೯. ದಶಾಂಶದ ನಂತರದ ಎರಡು ಅಂಕಿಗಳಲ್ಲಿ ಎಷ್ಟೋ ಸಾವಿರ ಎಕರೆಗಳ ಬತ್ತ ನಿಂತಿದೆ.

ಅಣೆಕಟ್ಟಿನ ಮೇಲೆ ನಿತ್ಯವೂ ಕಣ್ಣಿಗೆ ಕಾಣುವಂತೆ ಅಳೆಯುವುದು ಮಾತ್ರ ಒಂದೇ ಒಂದನ್ನು, ನೀರಿನ ಮಟ್ಟವನ್ನು, ಅದೂ ಅಡಿಗಳಲ್ಲಿ. ಪೂರ್ಣಮಟ್ಟ ಸಮುದ್ರಮಟ್ಟದಿಂದ ೧,೬೩೩ ಅಡಿ. ಆ ಅಡಿಗೆ ಇಷ್ಟು ಟಿ.ಎಂ.ಸಿ. ಎಂಬುದನ್ನು ಮೊದಲೇ ತಯಾರಿಸಿಟ್ಟ ಕೋಷ್ಟಕದಿಂದ ಓದಿಕೊಳ್ಳಬೇಕು. ಇಲ್ಲಿ ಒಂದು ದೊಡ್ಡ ಪಾಠವಿದೆ. ೧೯೫೩ರಲ್ಲಿ ಮೊದಲು ನೀರು ನಿಂತಾಗ ೧,೬೩೩ ಅಡಿಗೆ ಸುಮಾರು ೧೩೩ ಟಿ.ಎಂ.ಸಿ. ಎಂದು ಲೆಕ್ಕವಿತ್ತು. ಇತ್ತೀಚಿನ ಲೆಕ್ಕದಲ್ಲಿ ಅದೇ ೧,೬೩೩ ಅಡಿಗೆ ಸುಮಾರು ೧೦೫.೮ ಮಾತ್ರ. ಅಡಿ ಕುಗ್ಗಿಲ್ಲ, ಗೋಡೆ ತಗ್ಗಿಲ್ಲ. ತಳದಲ್ಲಿ ಹೂಳು ತುಂಬಿದೆ. ಮೂಲಮಾನ ಅಚಲವಾಗಿದ್ದರೂ ಮೂಲದಿಂದ ಸಾಧಿತಕ್ಕೆ ಹೋಗುವ ದಾರಿ ಬದಲಾಯಿತು. ಹಳೆಯ ಕೋಷ್ಟಕವನ್ನೇ ನಂಬಿ ಕುಳಿತಿದ್ದರೆ ಕಾಗದದ ಮೇಲೆ ಇಪ್ಪತ್ತೇಳು ಟಿ.ಎಂ.ಸಿ. ನೀರು ಇರುತ್ತಿತ್ತು, ಕಾಲುವೆಯ ಕೊನೆಯ ರೈತನ ಹೊಲದಲ್ಲಿ ಮಾತ್ರ ಇರುತ್ತಿರಲಿಲ್ಲ. ಅದಕ್ಕೆಂದೇ ಜಲಾಶಯದ ತಳವನ್ನು ಆಗಾಗ ಹೊಸದಾಗಿ ಅಳೆಯುತ್ತಾರೆ. ಸಾಧಿತಮಾನವನ್ನು ಒಮ್ಮೆ ಸಾಧಿಸಿದರೆ ಸಾಲದು. ಮತ್ತೆ ಮತ್ತೆ ಸಾಧಿಸುತ್ತಿರಬೇಕು.

೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ಮೂವತ್ತಮೂರು ಕ್ರೆಸ್ಟ್ ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಈ ಸೀಮೆಗೆ ಅಡಿ ಮತ್ತು ಟಿ.ಎಂ.ಸಿ.ಗಳ ಸಂಬಂಧ ಪುಸ್ತಕದ ಮಾತಾಗಿ ಉಳಿಯಲಿಲ್ಲ. ನೀರಿನ ಮಟ್ಟ ಇಷ್ಟು ಅಡಿ ಇಳಿದ ಹೊರತು ದುರಸ್ತಿ ಕಷ್ಟ. ಇಷ್ಟು ಅಡಿ ಇಳಿಸಿದರೆ ಇಷ್ಟು ಟಿ.ಎಂ.ಸಿ. ನೀರು ಹೊಳೆಯ ಪಾಲು. ಒಂದು ಕಡೆ ಉದ್ದದ ಮಾನ, ಇನ್ನೊಂದು ಕಡೆ ಗಾತ್ರದ ಮಾನ. ನಡುವೆ ಎರಡನೆಯ ಬೆಳೆಯ ಆಸೆ ಹೊತ್ತ ರೈತ. ವಾರದೊಳಗೆ ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನಿಳಿಸಿ ಹರಿವನ್ನು ನಿಲ್ಲಿಸಿದರು. ಆ ದಿನಗಳಲ್ಲಿ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಅಕ್ಷರ ಬಾರದವರೂ ಅಡಿಯನ್ನು ಟಿ.ಎಂ.ಸಿ.ಗೆ ಪರಿವರ್ತಿಸುವುದನ್ನು ನಾನು ಕೇಳಿದ್ದೇನೆ. ಯಾವ ಮೇಷ್ಟರೂ ಅಷ್ಟು ಬೇಗ ಕಲಿಸಲಾರ.

ಅಣೆಕಟ್ಟಿನಿಂದ ನೀರು ಧುಮುಕಿ ವಿದ್ಯುತ್ತಾಗುವಲ್ಲಿ ಸಾಧಿತಮಾನಗಳ ಇನ್ನೊಂದು ಮೆಟ್ಟಿಲಿದೆ. ಘನ ಮೀಟರು ನೀರಿಗೆ ಸಾವಿರ ಕಿಲೋಗ್ರಾಂ. ಅದು ಸೆಕೆಂಡಿಗೆ ಒಂದರಂತೆ ಹತ್ತು ಮೀಟರು ಕೆಳಕ್ಕೆ ಬಿದ್ದರೆ ಸುಮಾರು ೯೮ ಸಾವಿರ ವಾಟ್ ಸಾಮರ್ಥ್ಯ ದೊರೆಯುತ್ತದೆ, ಯಂತ್ರದ ನಷ್ಟವನ್ನು ಬಿಟ್ಟು. ವಾಟ್ ಎಂಬ ಹೆಸರು ಹೊಸದು. ಅದರ ಒಳಗೆ ಇರುವುದು ಮೀಟರು, ಕಿಲೋಗ್ರಾಂ, ಸೆಕೆಂಡು ಎಂಬ ಅದೇ ಮೂವರು. ಸಾವಿರ ವಾಟ್ ಒಂದು ಗಂಟೆ ನಡೆದರ ಅದಕ್ಕೆ ನಮ್ಮ ಹಳ್ಳಿಗಳಲ್ಲಿ ಯೂನಿಟ್ಟು ಎನ್ನುತ್ತಾರೆ. ಯೂನಿಟ್ ಎಂದರೆ ಮಾನ ಎಂದಷ್ಟೇ ಅರ್ಥ. ಆದರೆ ಜನಕ್ಕೆ ಯೂನಿಟ್ಟೆಂದರೆ ಕರೆಂಟಿನ ಲೆಕ್ಕ ಒಂದೇ. ಬತ್ತದ ಪೇಟೆಯಲ್ಲಿಯೂ ಹೀಗೆಯೇ. ಇಲ್ಲಿ ಬತ್ತದ ಮಾತು ಎಪ್ಪತ್ತೈದು ಕಿಲೋಗ್ರಾಂ ಚೀಲದ ಮೇಲೆ. ಎಕರೆಗೆ ನಲವತ್ತು ಚೀಲ ಎಂದು ರೈತ ಹೇಳಿದಾಗ ಅವನು ತನಗೆ ಬೇಕಾದ ಒಂದು ಸಾಧಿತಮಾನವನ್ನು ತಾನೇ ಕಟ್ಟಿಕೊಂಡಿದ್ದಾನೆ: ರಾಶಿಯನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಸರಕಾರದ ಬೆಂಬಲ ಬೆಲೆ ಕ್ವಿಂಟಲಿನಲ್ಲಿ ಬರುವುದರಿಂದ ಅವನು ನಲವತ್ತನ್ನು ಮೂವತ್ತು ಮಾಡಿಕೊಂಡು ಅರ್ಥ ಮಾಡಿಕೊಳ್ಳುತ್ತಾನೆ.

ಇಷ್ಟನ್ನು ನೋಡಿದ ಮೇಲೆ, ಇವೆಲ್ಲ ಹಳ್ಳಿಯ ಸಂಗತಿ, ವಿಜ್ಞಾನದ ಮೂಲಮಾನಗಳು ಬೇರೆ ಬಗೆಯವು, ಅವು ನಿಜಕ್ಕೂ ಮೂಲವಾದವು ಎಂದು ಯಾರಾದರೂ ಹೇಳಬಹುದು. ಚರಿತ್ರೆ ಹಾಗೆ ಹೇಳುವುದಿಲ್ಲ.

ಫ್ರಾನ್ಸಿನ ಮಹಾಕ್ರಾಂತಿಗೆ ಮೊದಲು ಅಲ್ಲಿಯ ರೈತನ ದೂರೂ ನಮ್ಮ ರೈತನದರಂತೆಯೇ ಇತ್ತು: ಜಮೀನುದಾರನ ಕೊಳಗ ಬೇರೆ, ಪೇಟೆಯ ಕೊಳಗ ಬೇರೆ. ಕ್ರಾಂತಿಯ ಕಾಲದ ಶಾಸ್ತ್ರಜ್ಞರು ಯಾವ ಅರಸನಿಗೂ ಸೇರದ ವಸ್ತುವನ್ನು ಅರಸಿ, ಭೂಮಂಡಲವನ್ನೇ ಆರಿಸಿಕೊಂಡರು. ಉತ್ತರಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯಲ್ಲಿ ಒಂದು ಪಾಲು ಒಂದು ಮೀಟರು. ೧೭೯೫ರ ಕಾನೂನಿನಲ್ಲಿ ಗ್ರಾಂ ಎಂಬುದು ಮೀಟರಿನಿಂದ ಹುಟ್ಟಿತು: ಸೆಂಟಿಮೀಟರಿನ ಘನದಷ್ಟು ನೀರಿನ ತೂಕ. ಎಂದರೆ ಇಂದು ಮೂಲಮಾನಗಳ ಸಾಲಿನಲ್ಲಿ ಕುಳಿತಿರುವ ಕಿಲೋಗ್ರಾಂ ಹುಟ್ಟಿದಾಗ ಸಾಧಿತಮಾನ! ೧೭೯೯ರಲ್ಲಿ ಪ್ಲಾಟಿನಮ್ಮಿನ ಒಂದು ಗುಂಡನ್ನು ಮಾಡಿಸಿ, ಇದೇ ಕಿಲೋಗ್ರಾಂ ಎಂದರು. ೧೮೮೯ರಲ್ಲಿ ಪ್ಲಾಟಿನಂ-ಇರಿಡಿಯಮ್ಮಿನ ಇನ್ನೊಂದು ಗುಂಡು ಆ ಪೀಠವನ್ನೇರಿತು. ಮಗ ಮನೆಯ ಯಜಮಾನನಾದ. ಅಷ್ಟೇ ಅಲ್ಲ, ೧೯೦೧ರಲ್ಲಿ ಲೀಟರನ್ನು ಒಂದು ಕಿಲೋಗ್ರಾಂ ನೀರು ಹಿಡಿಯುವ ಗಾತ್ರವೆಂದು ಗೊತ್ತುಮಾಡಿದರು. ನಮ್ಮ ಖಂಡುಗದ ಲೆಕ್ಕದಂತೆ ಇಲ್ಲಿಯೂ ತಲೆಕೆಳಗು: ಉದ್ದದಿಂದ ಹುಟ್ಟಬೇಕಾದ ಗಾತ್ರ ತೂಕದಿಂದ ಹುಟ್ಟಿತು. ಹತ್ತು ಸೆಂಟಿಮೀಟರಿನ ಘನಕ್ಕೂ ಈ ಲೀಟರಿಗೂ ಹತ್ತು ಲಕ್ಷದಲ್ಲಿ ಇಪ್ಪತ್ತೆಂಟು ಪಾಲಿನ ವ್ಯತ್ಯಾಸ ಕಂಡುಬಂದು, ೧೯೬೪ರಲ್ಲಿ ಲೀಟರು ಮತ್ತೆ ಮೀಟರಿನ ಮನೆಗೆ ಮರಳಿತು.

ಮೂಲಮಾನಗಳು ಎಷ್ಟು ಎಂಬುದಾದರೂ ನಿಶ್ಚಿತವೇ? ೧೮೩೨ರಲ್ಲಿ ಜರ್ಮನಿಯ ಗೌಸ್ ಅಯಸ್ಕಾಂತದ ಬಲವನ್ನು ಕೂಡ ಉದ್ದ, ರಾಶಿ, ಕಾಲಗಳೆಂಬ ಮೂರರಿಂದಲೇ ಅಳೆದು ತೋರಿಸಿದ. ೧೯೬೦ರಲ್ಲಿ ಅಂತರರಾಷ್ಟ್ರೀಯ ಪದ್ಧತಿ ಎಂಬ ಹೆಸರು ಬಂದಾಗ ಮೂಲಮಾನಗಳು ಆರಿದ್ದವು. ೧೯೭೧ರಲ್ಲಿ ಮೋಲ್ ಸೇರಿ ಏಳಾದವು. ಕೋನವನ್ನು ಅಳೆಯುವ ರೇಡಿಯನ್ ಮೂಲವೂ ಅಲ್ಲದ ಸಾಧಿತವೂ ಅಲ್ಲದ ಮೂರನೆಯ ಪಂಕ್ತಿಯಲ್ಲಿ ಮೂವತ್ತೈದು ವರ್ಷ ಕುಳಿತಿದ್ದು, ೧೯೯೫ರಲ್ಲಿ ಸಾಧಿತಗಳ ಪಂಕ್ತಿಗೆ ಎದ್ದು ಬಂದಿತು. ಪ್ರಕೃತಿಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಊಟಕ್ಕೆ ಕೂರುವ ಸಾಲು ಮಾತ್ರ ಬದಲಾಯಿತು.

ಮೀಟರಿನ ಕಥೆ ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ನಮ್ಮ ಕಡೆ ಕಂಪ್ಲಿ ಎಷ್ಟು ದೂರ ಎಂದು ಕೇಳಿದರೆ ಅರ್ಧ ಗಂಟೆ ದಾರಿ ಎನ್ನುತ್ತಾರೆ. ದೂರ ಕೇಳಿದರೆ ಹೊತ್ತು ಹೇಳುತ್ತಾರಲ್ಲ ಎಂದು ಪಟ್ಟಣದವರು ನಗುವುದುಂಟು. ೧೯೮೩ರಲ್ಲಿ ಜಗತ್ತಿನ ಶಾಸ್ತ್ರಜ್ಞರು ಸೇರಿ ಮಾಡಿದ್ದೂ ಇದನ್ನೇ. ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ೨೯,೯೭,೯೨,೪೫೮ ಮೀಟರು ಸಾಗುತ್ತದೆಂದು ಗೊತ್ತುಪಡಿಸಿ, ಸೆಕೆಂಡಿನ ಅಷ್ಟನೆಯ ಒಂದು ಪಾಲಿನಲ್ಲಿ ಬೆಳಕು ನಡೆಯುವ ದಾರಿಯೇ ಮೀಟರು ಎಂದರು. ಬಸ್ಸಿನ ಎಡೆಯಲ್ಲಿ ಬೆಳಕು. ಬಸ್ಸು ತಡವಾದೀತು, ಬೆಳಕು ತಡವಾಗದು, ಇಷ್ಟೇ ಅಂತರ. ಹಾಗಾದರೆ ಮೀಟರು ಇಂದು ಮೂಲಮಾನವೋ ಸಾಧಿತಮಾನವೋ? ಹೆಸರಿಗೆ ಮೂಲ, ಹುಟ್ಟಿಗೆ ಸಾಧಿತ. ಬೇರೆ ಯಾವ ಮಾನದಿಂದಲೂ ಪಡೆಯಲಾಗದ್ದು ಎಂಬ ಪಠ್ಯಪುಸ್ತಕದ ಮಾತು ಅದಕ್ಕೆ ಸಲ್ಲುವುದಿಲ್ಲ. ನಮ್ಮ ಅಣೆಕಟ್ಟಿನ ಅಡಿಗೂ ಈಗ ಸ್ವತಂತ್ರ ಬಾಳಿಲ್ಲ, ೦.೩೦೪೮ ಮೀಟರೆಂಬುದೇ ಅದರ ವ್ಯಾಖ್ಯೆ.

ಕೊನೆಯ ಗುಂಡೂ ಉಳಿಯಲಿಲ್ಲ. ಪ್ಯಾರಿಸ್ಸಿನ ಬಳಿಯ ಸೆವ್ರ್‌ನಲ್ಲಿ ಬೀಗಮುದ್ರೆಯೊಳಗಿದ್ದ ಕಿಲೋಗ್ರಾಂ ಗುಂಡನ್ನು ಅದರ ಪ್ರತಿಗಳೊಡನೆ ಹೋಲಿಸಿದಾಗ ಶತಮಾನದಲ್ಲಿ ಸುಮಾರು ಐವತ್ತು ಮೈಕ್ರೋಗ್ರಾಮಿನಷ್ಟು ಅಂತರ ಕಂಡಿತು. ಗುಂಡು ಹಗುರಾಯಿತೋ ಪ್ರತಿಗಳು ಭಾರವಾದವೋ ಹೇಳುವಂತಿಲ್ಲ. ಏಕೆಂದರೆ ನಿಯಮದ ಪ್ರಕಾರ ಗುಂಡು ತಪ್ಪುವಂತಿಲ್ಲ! ಅರಸನ ತುಲಾಭಾರದ ಸಮಸ್ಯೆಯೇ ಇದು. ೨೦೧೮ರ ನವೆಂಬರ್ ೧೬ರಂದು ವರ್ಸೇಲ್ಸಿನಲ್ಲಿ ರಾಷ್ಟ್ರಗಳು ಸೇರಿ ತೀರ್ಮಾನಿಸಿ, ೨೦೧೯ರ ಮೇ ೨೦ರಿಂದ ಕಿಲೋಗ್ರಾಮನ್ನು ಪ್ಲಾಂಕ್ ಎಂಬ ವಿಜ್ಞಾನಿಯ ಹೆಸರಿನ ಸ್ಥಿರಾಂಕದ ಮೇಲೆ ನಿಲ್ಲಿಸಿದರು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿ ಭಾರತದ ಪಾಲಿಗೆ ಬಂದ ೫೭ನೆಯ ಸಂಖ್ಯೆಯ ಪ್ರತಿಯಿದೆ. ಅದರ ಮೂಲದ ಪಟ್ಟ ಈಗ ಇಳಿದಿದೆ. ಇಂದು ಏಳು ಸ್ಥಿರಾಂಕಗಳೇ ಆಧಾರ. ಎಲ್ಲ ಮಾನಗಳನ್ನೂ ಅವುಗಳಿಂದ ನೇರವಾಗಿಯೇ ಕಟ್ಟಬಹುದಾದುದರಿಂದ ಮೂಲ, ಸಾಧಿತ ಎಂಬ ಭೇದ ತತ್ತ್ವತಃ ಅವಶ್ಯಕವಲ್ಲವೆಂದು ಆ ಪದ್ಧತಿಯ ಅಧಿಕೃತ ಗ್ರಂಥವೇ ಒಪ್ಪುತ್ತದೆ. ರೂಢಿಗೂ ಸೌಕರ್ಯಕ್ಕೂ ಭೇದವನ್ನು ಉಳಿಸಿಕೊಂಡಿದ್ದಾರೆ.

ಹಾಗೆಂದು ಭೇದವೇ ಸುಳ್ಳೆಂದು ವಿದ್ಯಾರ್ಥಿಗಳು ಭಾವಿಸಬಾರದು. ಮೂಲವೆಂಬುದು ವಸ್ತುವಿನ ಗುಣವಲ್ಲ, ಜನರ ಒಪ್ಪಂದ ಎಂಬುದಷ್ಟೇ ಇದರ ತಾತ್ಪರ್ಯ. ಒಪ್ಪಂದವೆಂದ ಮಾತ್ರಕ್ಕೆ ಅದು ಹಗುರವಾದದ್ದೂ ಅಲ್ಲ. ಕೂರಿಗೆ ಎತ್ತಿನ ಕೈಯಲ್ಲಿತ್ತು. ಕೊಳಗ ಜಮೀನುದಾರನ ಕೈಯಲ್ಲಿತ್ತು. ಗಳೆ ಅರಸನ ಕೈಯಲ್ಲಿತ್ತು. ತೊಲ ಕಂಪನಿಯ ಟಂಕಸಾಲೆಯಲ್ಲಿತ್ತು. ಕಿಲೋಗ್ರಾಂ ಒಂದು ನೆಲಮಾಳಿಗೆಯಲ್ಲಿತ್ತು. ಅಳತೆಯ ಚರಿತ್ರೆಯೆಂದರೆ ಮೂಲವನ್ನು ಒಬ್ಬೊಬ್ಬರ ಕೈಯಿಂದಲೂ ಬಿಡಿಸಿಕೊಂಡು, ಯಾರೂ ಮೊಟಕು ಮಾಡಲಾಗದ ಎಡೆಯಲ್ಲಿ ಇಡುತ್ತ ಬಂದ ಚರಿತ್ರೆ. ಭಾರತದಲ್ಲಿ ೧೯೫೬ರ ಕಾನೂನು ಬಂದು, ೧೯೫೮ರ ಅಕ್ಟೋಬರ್ ೧ರಿಂದ ಮೆಟ್ರಿಕ್ ತೂಕ ಅಳತೆಗಳು ಆಚರಣೆಗಿಳಿದದ್ದು ಆ ದೀರ್ಘ ನಡಿಗೆಯ ನಮ್ಮ ಹೆಜ್ಜೆ. ಸಂತೆಯಲ್ಲಿ ಕೂಲಿಯ ಹೆಣ್ಣುಮಗಳು ಕೊಳ್ಳುವ ಒಂದು ಕಿಲೋ ಬೇಳೆಯೂ ಸಂಡೂರಿನಿಂದ ಲಾರಿಯಲ್ಲಿ ಹೋಗುವ ಅದಿರಿನ ಒಂದು ಟನ್ನೂ ಇಂದು ಒಂದೇ ಮೂಲಕ್ಕೆ ಲೆಕ್ಕ ಒಪ್ಪಿಸಬೇಕು.

ಆದುದರಿಂದ ಮೂಲಮಾನಗಳ ಪಟ್ಟಿಯನ್ನು ಕಂಠಪಾಠ ಮಾಡುವುದಕ್ಕಿಂತ ಒಂದು ಅಭ್ಯಾಸವನ್ನು ರೂಢಿಸಿಕೊಳ್ಳುವುದು ಮೇಲು. ಯಾರಾದರೂ ಒಂದು ಸಂಖ್ಯೆಯನ್ನು ಹೇಳಿದಾಗ, ಅದು ಎಕರೆಯ ಇಳುವರಿಯಾಗಲಿ ಜಲಾಶಯದ ಸಂಗ್ರಹವಾಗಲಿ, ಮೂರು ಮಾತುಗಳನ್ನು ಕೇಳಬೇಕು: ಇದನ್ನು ನೇರವಾಗಿ ಅಳೆದರೋ, ಬೇರೆಯದರಿಂದ ಸಾಧಿಸಿದರೋ? ಸಾಧಿಸಿದ್ದಾದರೆ ಯಾವ ಮೂಲದಿಂದ, ಯಾವ ಕೋಷ್ಟಕದ ಮೂಲಕ? ಆ ಕೋಷ್ಟಕವನ್ನು ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ? ಮೊದಲೆರಡು ಪ್ರಶ್ನೆಗಳನ್ನು ಭೌತಶಾಸ್ತ್ರ ಕಲಿಸುತ್ತದೆ. ಮೂರನೆಯದನ್ನು ತುಂಗಭದ್ರೆಯ ಹೂಳು ಕಲಿಸಿದೆ.